ಮೂರನೇ ಕೂಗು

ಇದು ಹೋದ ವರ್ಷದ ಆಷಾಢದಲ್ಲಿ ನಮ್ಮ ಚಿಕ್ಕಮ್ಮನ ಮಗ ಪೃಥ್ವಿರಾಜನಿಗೆ ಆದದ್ದು. ಅವರಿವರ ಬಾಯಿಂದ ಬಾಯಿಗೆ ಬಂದದ್ದಲ್ಲ. ಜಾಗ ಬೇಕಾದರೆ ಕರೆದುಕೊಂಡು ಹೋಗಿ ತೋರಿಸುತ್ತೇನೆ... ಹಗಲು ಹೊತ್ತಾದರೆ. ಹೆದರಿಕೆಗಲ್ಲ. ರಾತ್ರಿ ಅಲ್ಲಿ ದಾರಿ ಸರಿಯಿಲ್ಲ, ಅಷ್ಟೇ.

ರಾತ್ರಿ ಹನ್ನೊಂದೂವರೆ. ಹಾಸನದ ಕಡೆಯಿಂದ ಬಂದ ತರಕಾರಿ ಗಾಡಿಯೊಂದು ಪೃಥ್ವಿಯನ್ನು ಹೊಳೆಬೀಚನಹಳ್ಳಿ ಗೇಟಿನಲ್ಲಿ ಇಳಿಸಿ ಹೊಳೆನರಸೀಪುರದ ಕಡೆ ಹೊರಟುಹೋಯಿತು. ಗೇಟಿನಿಂದ ಊರಿಗೆ ಎರಡು ಕಿಲೋಮೀಟರು ನಡಿಗೆ. ಅರ್ಧ ದಾರಿಯಲ್ಲಿ ಒಂದು ದೊಡ್ಡ ಆಲದಮರ. ಅದರ ಬುಡದಲ್ಲಿ ಹಾಳುಬಿದ್ದ ಸೇದೋ ಬಾವಿ. ಬಾವಿ ಪಕ್ಕಕ್ಕೆ ಒಂದು ಕಲ್ಲುಕಟ್ಟೆ. ಕಟ್ಟೆಯಿಂದಾಚೆ ಇಳಿಜಾರು, ಇಳಿಜಾರಿನ ಕೆಳಗೆ ಹೇಮಾವತಿ.

ಆ ಹೊತ್ತಿನಲ್ಲಿ ದೆವ್ವವೇ ಬಂದು ಎದುರು ನಿಂತಿದ್ದರೂ ಪೃಥ್ವಿ "ಒಸಿ ಆ ಕಡೆ ಜರುಗು" ಎಂದು ಅದರ ಪಕ್ಕದಲ್ಲೇ ಮಲಗಿಬಿಡುತ್ತಿದ್ದ. ಅಷ್ಟು ಸುಸ್ತು. ಏಳು ದಿನದಿಂದ ನೆಟ್ಟಗೆ ನಿದ್ದೆಯಿಲ್ಲ. ಕಣ್ಣೊಳಗೆ ಮರಳು ಹಾಕಿದ ಹಾಗೆ. ಒಂದು ಕಾಲು ಎತ್ತಿಟ್ಟ ಮೇಲೆ ಇನ್ನೊಂದು ಕಾಲೂ ಇದೆ ಎಂದು ನೆನಪು ಮಾಡಿಕೊಂಡು ಎತ್ತಬೇಕಿತ್ತು.

ನಾಲ್ಕು ಹೆಜ್ಜೆ ಇಟ್ಟಿಲ್ಲ, ಫೋನು ಬಂತು. ಅವನ ಅಕ್ಕ ಯಶೋಧರಾ. ಮಕ್ಕಳು ಮಲಗಿದ್ದವೇನೋ, ಪಿಸುದನಿ.

"ಎಲ್ಲಿದ್ದೀಯಾ ಪೃಥ್ವಿ?"

"ಗೇಟಲ್ ಇಳ್ದೆ ಕಣಕ್ಕ. ಯಾಕ್ ಇನ್ನೂ ಮನಿಕ್ಕಂಡಿಲ್ಲ?"

"ನಿಮ್ ಬಾವ ಉಂಡೋರೇ ಒಳೆಗೋದ್ರು. ಪಕ್ಕದ್ ಗದ್ದೆ ಕೃಷ್ಣಪ್ಪಾರೂ ಓಗವ್ರೆ. ಬೆಳಗಿನ ಜಾವ ಡ್ಯಾಮಿಂದ ನೀರ್ ಬಿಡ್ತಾರಂತೆ, ಮೋಟ್ರು ಎಳ್ದು ಮೇಲಾಕ್ಬುಟ್ಟು ಬತ್ತೀವಿ ಅಂದ್ರು. ಇನ್ನೂ ಬಂದಿಲ್ಲ. ಫೋನೂ ಇಲ್ಲೇ ಚಾರ್ಜಿಗಾಕವ್ರೆ..."

"ಬಿಡಾದು ಬೆಳಗಿನ ಜಾವ ತಾನೆ? ಬತ್ತಾರೆ ಬುಡು."

"ನಮ್ಮೂರ್ ಸೈರನ್ನು ಸರಿ ಐತೇನ್ಲಾ?"

"ಅಕ್ಕಾ... ಅದ್ನ ಕೂರ್ಸಿರಾದು ನಾನು ಕಣಕ್ಕ!"

ಸುಸ್ತಿನಲ್ಲೂ ಆ ಮಾತನ್ನು ಗತ್ತಿನಲ್ಲೇ ಹೇಳಿದ. ಫೋನು "ಟುಂಯ್" ಎಂದು ಸತ್ತುಹೋಯಿತು. ಚಾರ್ಜು ಮುಗಿದಿತ್ತು.

ಪೃಥ್ವಿಯ ಕೆಲಸವೇ ಅದು. ಹಾಸನದಲ್ಲಿ ಒಬ್ಬ ಕಂಟ್ರಾಕ್ಟರ್ ಹತ್ತಿರ ಸೈರನ್ ಕೂರಿಸುವುದು. ಹೊಳೆ ದಂಡೆಯ ಊರುಗಳಿಗೆಲ್ಲ ಹೊಸ ಸೈರನ್ ಹಾಕಿದ್ದರು. ಅಣೆಕಟ್ಟಿನದು ಕೂಗಿದರೆ ಸಾಕು, ಆಮೇಲೆ ಒಂದೂರಿನದಾದ ಮೇಲೆ ಒಂದೂರಿನದು ತಾವೇ ಕೂಗಿಕೊಳ್ಳುವ ಹಾಗೆ. ಮಳೆ ಜೋರಾದದ್ದರಿಂದ ಆ ವಾರವೆಲ್ಲ ಅವನ್ನು ಒಂದೊಂದಾಗಿ ನೋಡಿ ಬರುವುದು ಇವನ ಪಾಲಿಗೆ ಬಿದ್ದಿತ್ತು.

ಸೈರನ್ ವಿಷಯದಲ್ಲಿ ಇವನಂಥ ಕಿವಿ ಸುತ್ತ ನಾಲ್ಕು ತಾಲೂಕಿನಲ್ಲಿ ಇಲ್ಲ. ಹಾಗಂತ ಅವನೂ ಹೇಳುತ್ತಿದ್ದ, ನಾನೂ ಹೇಳುತ್ತೇನೆ. ಅವರ ವಂಶದಲ್ಲೇ ಕಿವಿ ಚುರುಕು. ಹೊಳೆನರಸೀಪುರ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಪಂದ್ಯ ಕಟ್ಟುವನು. "ಕಣ್ ಕಟ್ರಲಾ. ಯಾವ್ದಾರಾ ಕೂಗ್ಸಿ. ಊರ್ ಎಸ್ರು ಏಳ್ತೀನಿ!" ಹುಡುಗರು ಫೋನಿನಲ್ಲಿ ಹಿಡಿದು ತಂದದ್ದನ್ನು ಕೇಳಿಸುವರು. ಮೊದಲು "ಕರ್ರ್..." ಎಂದು ಗಂಟಲು ಕೆರೆದುಕೊಂಡು ಆಮೇಲೆ ಒಂದೇ ಸಮನೆ ಎಳೆದರೆ ಅದು ಪೇಟೆಯ ಹಳೇ ಸೈರನ್. "ಭೋಂ" ಎಂದು ಹೊಟ್ಟೆಯೊಳಗಿಂದ ಬಂದರೆ ಚನ್ನರಾಯಪಟ್ಟಣದ ಕಡೆ ಕಾರ್ಖಾನೆಯಲ್ಲಿ ಪಾಳಿ ಬದಲಾಗುವ ಹೊತ್ತು. ಬಾಲ ತುಳಿಸಿಕೊಂಡ ನಾಯಿಯ ಹಾಗೆ "ಕೀಂಯ್ ಕೀಂಯ್ ಕೀಂಯ್" ಎಂದರೆ ಅರಕಲಗೂಡಿನ ಆಚೆ ಯಾರದೋ ಶುಂಠಿ ಹೊಲದ ಬೇಲಿಗೆ ಆನೆ ಬಂದಿದೆ ಎಂದರ್ಥ. ನೆಲದಿಂದ "ಊ..." ಎಂದು ಎದ್ದು, ಇಪ್ಪತ್ತು ಎಣಿಸುವಷ್ಟು ಹೊತ್ತು ಏರಿ, ನೆತ್ತಿಯಲ್ಲಿ ನಿಂತು, ಹಾಗೇ ಇಳಿದರೆ ಗೊರೂರು ಅಣೆಕಟ್ಟಿನದು. ಒಂದೂ ತಪ್ಪುತ್ತಿರಲಿಲ್ಲ. ಗೆದ್ದ ಪರೋಟ, ಆಮ್ಲೆಟ್ಟಿಗೆ ಲೆಕ್ಕವಿಲ್ಲ.

ಆ ಕಿವಿ ಬಂದದ್ದು ಅವನ ತಂದೆಯ ತಂದೆ ಮಂಚಯ್ಯ ತಾತನಿಂದ. ತಾತ ಊರಿನ ನೀರುಗಂಟಿ. ಕೆರೆ ತೂಬು ಎತ್ತುವುದು, ಗದ್ದೆಗೆ ನೀರು ಹಾಯಿಸುವುದು ಅವರ ಕೆಲಸ. ಹೊಳೆಗೆ ನೀರು ಬಂದರೆ ಊರಿಗೆ ತಿಳಿಸುವುದೂ ಅವರೇ. ಆಲದಮರದ ಕಟ್ಟೆಯ ಮೇಲೆ ಕೈಯಲ್ಲಿ ತಿರುಗಿಸುವ ಒಂದು ಕಬ್ಬಿಣದ ಸೈರನ್ ಇತ್ತು. ಹ್ಯಾಂಡ್ಲು ಹಿಡಿದು ನೂರು ಸುತ್ತು ತಿರುಗಿಸಿದರೆ ಒಂದು ಕೂಗು. ಒಂದು ಕೂಗಾದರೆ ದನ ಎಬ್ಬಿಸಿ. ಎರಡು ಕೂಗಾದರೆ ಮೋಟಾರು ಎಳೆದು ಹಾಕಿ. ಮೂರನೇದು ಕೂಗಿತೋ... ಮೋಟಾರೂ ಬೇಡ, ಎಮ್ಮೆಯೂ ಬೇಡ, ಇದ್ದ ಹಾಗೇ ದಡ ಹತ್ತಿ. ಹೊಸ ಸೈರನ್ ಬಂದ ಮೇಲೂ ಹೊಳೆಬೀಚನಹಳ್ಳಿಯವರು ಕೂಗು ಎಣಿಸುವುದನ್ನು ಬಿಟ್ಟಿಲ್ಲ.

ತಾತನ ಬಲಭುಜ ಒಮ್ಮೆ ತೂಬಿನ ಹಲಗೆಗೆ ಸಿಕ್ಕಿ ಜಾರಿತ್ತು. ಹ್ಯಾಂಡ್ಲು ಮೇಲಕ್ಕೆ ಬಂದಾಗಲೆಲ್ಲ ಕೈ ಒಂದು ಗಳಿಗೆ ಹಿಡಿದುಕೊಳ್ಳುತ್ತಿತ್ತು. ಅದಕ್ಕೇ ಸೈರನ್ನಿನ ದನಿಯೂ ಮುಗ್ಗರಿಸುವುದು. "ಊಂ... ಹಿಕ್... ಊಂ... ಹಿಕ್..." ಊರವರು ಅದನ್ನು ಮಂಚಯ್ಯನ ಬಿಕ್ಕಳಿಕೆ ಎನ್ನುತ್ತಿದ್ದರು.

ಇದಕ್ಕೆ ಇಪ್ಪತ್ತು ವರ್ಷ ಮುಂಚೆ ಒಂದು ರಾತ್ರಿ ಹೊಳೆ ಏರಿತು. ತಾತ ಒಂದು ಕೂಗು ಕೂಗಿಸಿದರು. ಎರಡೂ ಆಯಿತು. ಮೂರನೇದಕ್ಕೆ ಭುಜ ಕಚ್ಚಿಕೊಂಡಿತು... ಕೈ ಏಳಲೇ ಇಲ್ಲ. ಹೊಳೆಯಲ್ಲಿ ಕೆಂಚಯ್ಯ ಎಂಬುವನು ಒಬ್ಬನೇ ಇದ್ದ. ಕೇಳಿದ್ದು ಎರಡು ಕೂಗು. ಎರಡು ಕೂಗಿಗೆ ಏನು ಮಾಡಬೇಕೋ ಅದನ್ನೇ ಮಾಡುತ್ತಿದ್ದ. ಮೋಟಾರು ಎಳೆಯುತ್ತಿದ್ದ. ಮೂರನೇ ದಿನ ಸಿಕ್ಕಿದ.

ತಾತನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಕೆಂಚಯ್ಯನ ಹೆಂಡತಿ ಚಿಕ್ಕಲಕ್ಷ್ಮಮ್ಮನೂ ಅನ್ನಲಿಲ್ಲ. ಆದರೆ ಅವತ್ತಿನಿಂದ ತಾತ ನಿದ್ದೆಗಣ್ಣಿನಲ್ಲಿ "ಮೂರನೇದು ಬಾಕಿ ಐತೆ... ಮೂರನೇದು ಬಾಕಿ ಐತೆ..." ಎನ್ನುವರು. ಈ ಸಂಗತಿಗೆ ಮೂರು ವರ್ಷ ಮುಂಚೆ ತೀರಿಕೊಂಡರು. ಅವರೇ ಕೇಳಿಕೊಂಡಿದ್ದ ಹಾಗೆ ಸೈರನ್ನಿನ ಹ್ಯಾಂಡ್ಲು ಬಿಚ್ಚಿ, ಬಲಗೈಯಲ್ಲಿ ಹಿಡಿಸಿ, ಮಣ್ಣು ಮಾಡಿದರು. ಬಿಚ್ಚಿದ್ದೂ ಪೃಥ್ವಿಯೇ, ಹಿಡಿಸಿದ್ದೂ ಪೃಥ್ವಿಯೇ. ಸೈರನ್ ಮಾತ್ರ ಕಟ್ಟೆ ಮೇಲೆ ತುಕ್ಕು ಹಿಡಿದುಕೊಂಡು ಕೂತಿತ್ತು, ಹ್ಯಾಂಡ್ಲಿನ ಜಾಗದಲ್ಲಿ ಬರೀ ತೂತು.

ಸರಿ. ಪೃಥ್ವಿ ನಡೆಯುತ್ತಿದ್ದ. ಆಲದಮರ ಇನ್ನೂ ಒಂದು ಕೂಗಳತೆ ದೂರ. ಮಳೆ ನಿಂತು ಎಲೆಯಿಂದ "ಟಪ್... ಟಪ್..." ಎಂದು ಹನಿಯುವುದು ಇಲ್ಲಿಗೇ ಕೇಳುತ್ತಿತ್ತು. ಆಗ ಪಡುವಣ ಗಾಳಿಯಲ್ಲಿ...

"ಊ..."

ನಿಂತ. ಅಭ್ಯಾಸಬಲದಿಂದ ಎಣಿಸಿದ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ನೆತ್ತಿಯಲ್ಲಿ ನಿಂತು ಇಳಿಯಿತು. ಗೊರೂರಿನದು. ಬೆಳಗಿನ ಜಾವ ಎಂದಿದ್ದರು. ಘಟ್ಟದ ಕಡೆ ಮಳೆ ಹೆಚ್ಚಿ ಮೊದಲೇ ಬಿಡುತ್ತಿದ್ದಾರೆ.

ಅದಾದ ಮೇಲೆ ಮುಂದಿನ ಊರಿನದು ಕೂಗಿತು. ಕೊನೆಯಲ್ಲಿ "ಝರ್ರ್" ಎಂದು ಹರಿದ ತಗಡಿನ ಸದ್ದು. ಅದರ ಬಾಯಿ ಒಡೆದಿರುವುದು ಇವನಿಗೆ ಗೊತ್ತು. ಆಮೇಲೆ ಇನ್ನೊಂದು, ಸಣ್ಣ ದನಿಯದು, ಪಕ್ಕದೂರಿನ ಶಾಲೆಯ ತಾರಸಿ ಮೇಲಿನದು. ಎಲ್ಲವನ್ನೂ ಕಣ್ಣು ಮುಚ್ಚಿಯೇ ಹೇಳಬಲ್ಲ.

ಇನ್ನು ನಮ್ಮೂರಿನದು... ಎಂದು ಕಾದ.

ಕಪ್ಪೆ ವಟಗುಟ್ಟಿತು. ಹನಿ ಬಿತ್ತು. ಮತ್ತೇನೂ ಇಲ್ಲ.

ಆಗ ನೆನಪಾಯಿತು. ಕಾಲಿನ ಬೆರಳಿನಿಂದ ತಣ್ಣಗೆ ಮೇಲೇರಿತು ಆ ನೆನಪು. ನಾಲ್ಕು ದಿನದ ಹಿಂದೆ ಊರಿನ ಸೈರನ್ನಿನ ಡಬ್ಬಿ "ಟಿಕ್... ಟಿಕ್..." ಎನ್ನುತ್ತಿತ್ತು. ಬ್ಯಾಟರಿ ಹೋಗಿತ್ತು. ಅಕ್ಕಪಕ್ಕದವರಿಗೆ ನಿದ್ದೆ ಇಲ್ಲ ಎಂದು ಇವನೇ ಹತ್ತಿ ವೈರು ಕಿತ್ತು, "ನಾಳೆ ವಸಾದ್ ತಂದಾಕ್ತೀನಿ, ನನ್ ಕೆಲ್ಸ ಅಂದ್ರೆ ಏನ್ ತಿಳ್ಕಂಡಿದ್ದೀರ" ಎಂದು ಇಳಿದಿದ್ದ. ನಾಳೆ ಬೇರೆ ಊರಿಗೆ ಹೋದ. ನಾಡಿದ್ದು ಇನ್ನೊಂದು ಊರಿಗೆ. ಆಮೇಲೆ... ನಿದ್ದೆಯಿಲ್ಲದ ತಲೆ.

ಕೆಳಗೆ ಹೊಳೆಯಲ್ಲಿ ಬಾವ ಹರ್ಷವರ್ಧನ್. ಜೊತೆಗೆ ಕೃಷ್ಣಪ್ಪ. ಹೊಳೆ ಪಾತ್ರದೊಳಗೆ ನಿಂತವರಿಗೆ ನೀರಿನ ಮೊರೆತ ಬಿಟ್ಟು ಬೇರೆ ಊರಿನ ಸದ್ದು ಯಾವುದೂ ಕೇಳದು. ತಲೆ ಮೇಲಿನ ತಮ್ಮೂರಿನ ಸೈರನ್ನೊಂದೇ ಕೇಳುವುದು. ಗಾಡಿದಾರಿ ಸುತ್ತಿ ಓಡಿದರೆ ನೀರು ಮೊದಲು ಮುಟ್ಟುತ್ತದೆ. ನೇರ ಇಳಿಯೋಣವೆಂದರೆ ಲಂಟಾನದ ಮೆಳೆ, ಬಂಡೆ, ಕತ್ತಲು.

ಓಡಿದ. ಹತ್ತೇ ಹೆಜ್ಜೆ. ರಸ್ತೆಯ ಮೇಲೆ ಕೂತುಬಿಟ್ಟ. "ಬಾವಾ..." ಎಂದು ಕೂಗಿದ. ಅವನ ದನಿ ಅವನ ಕಿವಿಗೇ ಸಾಲಲಿಲ್ಲ.

ಕಪ್ಪೆಗಳು ಒಂದೇ ಸಲ ಸುಮ್ಮನಾದವು.

ಆಲದಮರದ ಕಡೆಯಿಂದ... ಕಬ್ಬಿಣ ಕಬ್ಬಿಣಕ್ಕೆ ತಿಕ್ಕುವ ಸದ್ದು. "ಕಿರ್ರ್... ಕಿರ್ರ್..." ಆಮೇಲೆ ಮೆಲ್ಲಗೆ...

"ಊಂ... ಹಿಕ್... ಊಂ... ಹಿಕ್..."

ಯಾವ ಸೈರನ್ ಕೂಗಿದರೂ ಥಟ್ಟನೆ ಹೆಸರು ಹೇಳುವವನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಹೆಸರು ಗೊತ್ತಿತ್ತು. ಹೇಳಲಾಗಲಿಲ್ಲ.

ಒಂದು ಕೂಗು ಮುಗಿಯಿತು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಬಿಡುವು. ಎರಡನೇದು ಶುರುವಾಯಿತು. ಬಿಕ್ಕಳಿಕೆ ಹೆಚ್ಚಾಗಿತ್ತು. ಎತ್ತಲಾರದ ಹೊರೆ ಎತ್ತುವವನ ಹಾಗೆ ಮುಗ್ಗರಿಸಿ, ಎದ್ದು, ಮುಗ್ಗರಿಸಿ... ಎರಡನೇದೂ ಮುಗಿಯಿತು.

ಪೃಥ್ವಿ ಎದ್ದ. ಓಡಿದನೋ, ತೆವಳಿದನೋ, ಅವನಿಗೂ ನೆನಪಿಲ್ಲ. ಕಟ್ಟೆಯ ಹತ್ತಿರ ಬಂದಾಗ ಮೂರನೇದು ಇನ್ನೂ ಕೂಗಿರಲಿಲ್ಲ.

ಸೈರನ್ನಿಗೆ ಒರಗಿಕೊಂಡು ಯಾರೋ ಕೂತಿದ್ದರು. ತಲೆ ಮೇಲೆ ಕಂಬಳಿ ಕೊಪ್ಪೆ. ಮುಖ ಕಾಣಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು, "ಹ್ಹಾ... ಹ್ಹಾ..." ಎಂದು, ದಿನವಿಡೀ ಗೇದು ಬಂದವರ ಉಸಿರು.

"...ಪೃಥ್ವಿಯಾ?"

"ಊಂ."

"ಎಷ್ಟೊತ್ಲಾ ಬರಾದು..."

"ತಾತಾ..."

"ಎಲ್ಡಾಯ್ತು ಕಣ್ ಮಗಾ. ಮೂರ್ನೇದುಕ್ಕೆ ಕೈ ಏಳಕಿಲ್ಲ. ಸೋತೋದೆ." ಸ್ವಲ್ಪ ಹೊತ್ತು ಬರೀ ಉಸಿರು. "ನೀನೊಸಿ ತಿರುಗ್ಸು. ಮುಗುಸ್ಬುಟ್ಟು ಮನಿಕ್ಕಳಾನ."

ಹುಡುಗನಾಗಿದ್ದಾಗ ಎಷ್ಟು ಸಲ ಅಂಗಲಾಚಿದ್ದ, ಒಂದ್ಸಲ ತಿರುಗಿಸ್ತೀನಿ ತಾತ ಎಂದು. "ಎಳೇ ಕೈ ಕಣ್ಲಾ, ಕೂಗು ಕೆಟ್ಟೋಯ್ತದೆ" ಎಂದು ಮುಟ್ಟಗೊಡುತ್ತಿರಲಿಲ್ಲ. ಈಗ ಕತ್ತಲಲ್ಲಿ ಅವನ ಕೈಯನ್ನು ಒಂದು ಕೈ ಹಿಡಿದು ಹ್ಯಾಂಡ್ಲಿನ ಮೇಲಿಟ್ಟಿತು. ಮರದ ಹಿಡಿ. ತಣ್ಣಗಿತ್ತು. ಹಸಿ ಮಣ್ಣು ಮೆತ್ತಿಕೊಂಡಿತ್ತು.

ತಿರುಗಿಸಿದ.

ಮೊದಲು ಅಲುಗಲೇ ಇಲ್ಲ. ಆಮೇಲೆ ಒಳಗೆ ಎಲ್ಲೋ "ಕಟಕ್" ಎಂದಿತು. ದನಿ ನೆಲದಿಂದ ಎದ್ದಿತು. "ಊ... ಊಊ... ಊಊಂ..." ಹತ್ತು ಸುತ್ತಿಗೆ ಮೊಣಕೈ ಉರಿಯಿತು. ಮೂವತ್ತಕ್ಕೆ ಅಂಗೈ ಸುಲಿಯಿತು. ಏಳು ದಿನದ ನಿದ್ದೆಯೆಲ್ಲ ಬಂದು ಭುಜದ ಮೇಲೆ ಕೂತ ಹಾಗಿತ್ತು. ಬಿಟ್ಟುಬಿಡಲೇ ಅನ್ನಿಸಿತು. ಪಕ್ಕದಲ್ಲಿ ಮೆಲುದನಿ ಎಣಿಸುತ್ತಿತ್ತು. "ಐವತ್ತೊಂದು... ಐವತ್ತೆಲ್ಡು... ನಿಲ್ಬ್ಯಾಡ..." ನಿಲ್ಲಿಸಲಿಲ್ಲ. ಬಿಕ್ಕಳಿಕೆಯಿಲ್ಲದ ಒಂದೇ ಎಳೆಯ ಕೂಗು ಇಳಿಜಾರು ಇಳಿದು, ಹೊಳೆ ದಾಟಿ, ಆಚೆ ದಡಕ್ಕೆ ಬಡಿದು ವಾಪಸ್ಸು ಬಂತು.

"...ನೂರು," ಎಂದಿತು ದನಿ. "ಬುಡು. ಆಯ್ತು."

ಕೈ ಬಿಟ್ಟ. ಸೈರನ್ ತಾನೇ ಇಳಿಯುತ್ತಾ ಇಳಿಯುತ್ತಾ ನಿಂತಿತು. ತಿರುಗಿ ನೋಡುವಷ್ಟೂ ಶಕ್ತಿ ಇರಲಿಲ್ಲ. ಕಟ್ಟೆಗೆ ಒರಗಿದ. ಒರಗಿದವನು ಹಾಗೇ ನಿದ್ದೆಹೋದ. ಕೇಳಿದವರೆಲ್ಲ ಇಲ್ಲೇ ನಗುವುದು, ದೆವ್ವದ ಪಕ್ಕದಲ್ಲಿ ಯಾವನಾದರೂ ನಿದ್ದೆ ಮಾಡ್ತಾನಾ ಎಂದು. ಏಳು ರಾತ್ರಿ ಎದ್ದಿದ್ದು ನೋಡಿ, ಆಮೇಲೆ ನಗಿ.

ಬೆಳಕು ಹರಿದಾಗ ಯಾರೋ ಕಾಲಿನಿಂದ ತಿವಿದರು.

"ಏಳಪ್ಪಾ, ಸೈರನ್ ಸಾಯೇಬ್ರೇ."

ಬಾವ ಹರ್ಷವರ್ಧನ್. ಸೊಂಟದ ತನಕ ಕೆಸರು. ಅವನ ಹಿಂದೆ ಕೃಷ್ಣಪ್ಪ, ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಪೃಥ್ವಿ ಬಾವನ ಕಾಲನ್ನು ಹಿಡಿದುಕೊಂಡ. ನಿಜವಾದ ಕಾಲು ಹೌದೋ ಅಲ್ಲವೋ ಎಂದು ಒತ್ತಿ ನೋಡಿದ.

"ಮೋಟ್ರು ಓಯ್ತು ಕಣ್ಲಾ," ಎಂದ ಹರ್ಷ. "ಎಲ್ಡ್ ಕೂಗಾಯ್ತಾ... ಇಬ್ರೂ ಅಗ್ಗ ಬಿಗಿಯಾಗ್ ಇಡ್ಕಂಡ್ವಿ. ಇನ್ನೇನ್ ದಡಕ್ ಬಂತು ಅನ್ನಾಗ ಮೂರ್ನೇದು ಕೂಗ್ತು. ಅಗ್ಗ ಬಿಸಾಕ್ಲಾ ಅಂದ್ರು ಇವ್ರು. ಬಿಸಾಕಿ ನಾಕ್ ಎಜ್ಜೆ ಮೇಲೆ ಇಕ್ಕಿಲ್ಲ..." ಮಾತು ನಿಲ್ಲಿಸಿ, ಕೈಯನ್ನು ಎದೆ ಮಟ್ಟಕ್ಕೆ ಎತ್ತಿ ಅಡ್ಡಡ್ಡ ಸರಿಸಿದ. ಅಷ್ಟು ನೀರು. ಒಂದೇ ಸಲಕ್ಕೆ. ಬೆಳಕಾಗುವ ತನಕ ಇಬ್ಬರೂ ಇಳಿಜಾರಿನ ಬಂಡೆಯ ಮೇಲೇ ಸಿಕ್ಕಿಕೊಂಡಿದ್ದರಂತೆ.

"ನಾನ್ ಕೂರ್ಸಿದ್ ಸೈರನ್ನು ಕೂಗ್ಲಿಲ್ಲ ಬಾವ," ಎಂದ ಪೃಥ್ವಿ. "ವೈರ್ ಕಿತ್ತಿದ್ದೆ. ಮರ್ತಿದ್ದೆ."

ಅವನ ಬಾಯಲ್ಲಿ ಅಂಥ ಮಾತು ಬಂದದ್ದು ಹುಟ್ಟಿದಾಗಿನಿಂದ ಅದೇ ಮೊದಲು.

"ಗೊತ್ತು. ಅದಲ್ಲ ಕೂಗಿದ್ದು, ಇದೇ. ಅಳೇದು."

ಕೃಷ್ಣಪ್ಪ ಅಷ್ಟೊತ್ತಿಗೆ ಸೈರನ್ನಿನ ಸುತ್ತ ಒಂದು ಸುತ್ತು ಬಂದಿದ್ದ. "ಏನ್ರಪ್ಪಾ," ಎಂದ, ದನಿ ತಗ್ಗಿಸಿ. "ಹ್ಯಾಂಡ್ಲೇ ಇಲ್ವಲ್ಲ ಇದುಕ್ಕೆ. ಯಾವುದ್ರಲ್ಲಿ ತಿರುಗ್ಸಿದ್ಯೋ?"

ಪೃಥ್ವಿ ಬಲಗೈ ಬಿಚ್ಚಿ ತೋರಿಸಿದ. ಅಂಗೈ ತುಂಬಾ ಒಡೆದ ಬೊಬ್ಬೆ. ಬೊಬ್ಬೆಯ ಸಂದಿನಲ್ಲಿ ಕೆಂಪು ಮಣ್ಣು. ಮೂವರೂ ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿದರು.

ಊರಿನ ಕಡೆಯಿಂದ ಚಿಕ್ಕಲಕ್ಷ್ಮಮ್ಮ ಬಂದಳು. ಕೋಲೂರಿಕೊಂಡು, ನಿಂತು ನಿಂತು. ಕೆಂಚಯ್ಯನ ಹೆಂಡತಿ. ಬಂದವಳು ಹೊಳೆ ನೋಡಲಿಲ್ಲ, ಬದುಕಿ ಬಂದವರನ್ನೂ ನೋಡಲಿಲ್ಲ. ಪೃಥ್ವಿಯ ಮುಂದೆ ನಿಂತಳು.

"ಮೊದ್ಲೆಲ್ಡು ಮಂಚಯ್ಯಂದು," ಎಂದಳು. "ಬಿಕ್ಕಳ್ಕೆ ಇತ್ತು. ಮೂರ್ನೇದು ಯಾರ್ದ್ಲಾ?"

"...ನಂದು ಕಣಜ್ಜಿ."

ಅಜ್ಜಿ ಕಟ್ಟೆಯ ಮೇಲೆ ಕೂತಳು. ಕೋಲನ್ನು ಪಕ್ಕಕ್ಕಿಟ್ಟಳು. ಬಹಳ ದೂರ ನಡೆದು ಬಂದವರು ಕೂರುವ ಹಾಗೆ ಕೂತಳು.

"ಆಯ್ತು ಬುಡು," ಎಂದಳು. "ಇಪ್ಪತ್ತೊರ್ಸದಿಂದ ಕಿವಿ ಕೊಟ್ಕಂಡಿದ್ದೆ. ಮಳೆ ಬಂದ್ ರಾತ್ರೀಲಿ ನಿದ್ದೆ ಬತ್ತಿರ್ಲಿಲ್ಲ." ಬಿಸಿಲು ಏರುವ ತನಕ ಅಲ್ಲೇ ಕೂತಿದ್ದು ಎದ್ದು ಹೋದಳು.

ನಾನು ನುಗ್ಗೇಹಳ್ಳಿಯಲ್ಲಿದ್ದೆ. ಸುದ್ದಿ ಸಿಕ್ಕಿದ್ದೇ ಬೈಕ್ ಹತ್ತಿದೆ, ಮಧ್ಯಾಹ್ನದೊಳಗೆ ಅಲ್ಲಿದ್ದೆ. ಪೃಥ್ವಿ ಮನೆಯಲ್ಲಿರಲಿಲ್ಲ. ಹೊಸ ಬ್ಯಾಟರಿ ಹೊತ್ತುಕೊಂಡು ಊರಿನ ಸೈರನ್ನಿನ ಕಂಬ ಹತ್ತಿದ್ದ. ಇಳಿದ ಮೇಲೆ ನಡೆದದ್ದನ್ನೆಲ್ಲ ನನಗೊಬ್ಬನಿಗೇ ಒಂದು ಸಲ ಹೇಳಿದ, ಅಷ್ಟೇ. ಇವತ್ತಿಗೂ ಟೀ ಅಂಗಡಿಯಲ್ಲಿ ಹುಡುಗರು ಫೋನು ಹಿಡಿದುಕೊಂಡು ಬಂದರೆ "ಓಗ್ರಲಾ, ನಂಗೇನ್ ಗೊತ್ತು" ಎಂದು ಟೀ ಕುಡಿದು ಎದ್ದು ಹೋಗುತ್ತಾನೆ.

ತಾತನ ಗುಂಡಿಗೂ ಹೋಗಿ ನೋಡಿದೆವು. ಯಾರೂ ಅಗೆದಿಲ್ಲ. ಮೂರು ವರ್ಷದ ಗರಿಕೆ ಹಾಗೇ ಹೆಣೆದುಕೊಂಡಿತ್ತು.

ಬರುವಾಗ ಕಟ್ಟೆಯ ಹತ್ತಿರ ಬೈಕು ನಿಲ್ಲಿಸಿದೆ. ನಾನು ಅಷ್ಟು ಸುಲಭಕ್ಕೆ ನಂಬುವವನಲ್ಲ. ಸೈರನ್ ಮೈಯೆಲ್ಲ ತುಕ್ಕು, ಉಗುರಿನಲ್ಲಿ ಕೆರೆದರೆ ಹಕ್ಕಳೆ ಏಳುವುದು. ಹ್ಯಾಂಡ್ಲು ಕೂರುವ ತೂತಿಗೆ ಬೆರಳು ಹಾಕಿದೆ. ಬೆರಳು ನುಣ್ಣಗೆ ಒಳಗೆ ಹೋಯಿತು. ತೆಗೆದು ಮೂಸಿದೆ. ಹರಳೆಣ್ಣೆ. ಹಸಿ ಹರಳೆಣ್ಣೆ. ಮಳೆಗಾಲಕ್ಕೆ ಮುಂಚೆ ಮಂಚಯ್ಯ ತಾತ ಸೈರನ್ನಿಗೆ ಬಿಡುತ್ತಿದ್ದದ್ದು ಅದನ್ನೇ. ಅವರು ಹೋದ ಮೇಲೆ ಆ ಊರಿನಲ್ಲಿ ಯಾರ ಮನೆಯಲ್ಲೂ ಹರಳೆಣ್ಣೆ ಕಾಸಿಲ್ಲ. ಕೇಳಿಕೊಂಡೇ ಬಂದಿದ್ದೇನೆ, ಒಂದು ಮನೆ ಬಿಡದೆ.

ಬೆರಳನ್ನು ಬೈಕಿನ ಸೀಟಿಗೆ ಒರೆಸಿದೆ. ಕಲೆ ಇನ್ನೂ ಇದೆ. ಆಚೆ ನಿಲ್ಲಿಸಿದ್ದೇನೆ, ಹೋಗಿ ನೋಡಿ.